ಬೀಳೋ ಮುಂಚಿನ ನೂರು ಮಿಲಿಸೆಕೆಂಡ್

ಹೊಸಕೋಟೆ ಕರಗ ನೋಡಿದ್ದೀರಾ? ದೇವನಹಳ್ಳಿಯದ್ದು, ದೊಡ್ಡಬಳ್ಳಾಪುರದ್ದು? ನೆತ್ತಿ ಮೇಲೆ ಮಲ್ಲಿಗೆಯ ಕರಗ, ಸುತ್ತ ಕತ್ತಿ ಹಿಡಿದ ವೀರಕುಮಾರರು, ಕಾಲಿಡೋಕೆ ಜಾಗ ಇಲ್ಲದಷ್ಟು ಜನ. ಕರಗವನ್ನು ಕೈಯಿಂದ ಹಿಡಿಯೋ ಹಾಗಿಲ್ಲ. ಭಕ್ತರು ಅದನ್ನ ತಾಯಿ ದ್ರೌಪದಿಯ ಶಕ್ತಿ ಅಂತಾರೆ, ಆ ನಂಬಿಕೆ ಜೊತೆ ನನಗೆ ಜಗಳ ಇಲ್ಲ. ನನ್ನ ಪ್ರಶ್ನೆ ಬಹಳ ಸಣ್ಣದು. ತಲೆ ಮೇಲೆ ಏನೂ ಇಲ್ಲದೆ ಬಸ್ ಸ್ಟಾಪಲ್ಲಿ ಸುಮ್ಮನೆ ನಿಂತಿರ್ತೀರಲ್ಲ, ನೀವು ಯಾಕೆ ಬೀಳಲ್ಲ?

ಎಂಜಿನಿಯರಿಂಗ್ ಓದಿದವರಿಗೆ ಇದು ತಲೆಕೆಳಗಾದ ಲೋಲಕದ ಲೆಕ್ಕ. ಅಂಗೈ ಮೇಲೆ ಪೊರಕೆ ನೆಟ್ಟಗೆ ನಿಲ್ಲಿಸೋ ಆಟ ಆಡಿದ್ದರೆ ನಿಮಗೂ ಗೊತ್ತು: ಕೈ ಒಂದು ಕ್ಷಣ ಸುಮ್ಮನಿದ್ದರೂ ಪೊರಕೆ ಬೀಳುತ್ತೆ. ನಿಂತ ದೇಹವೂ ಹಾಗೇ. ನಾವು ಅಲುಗಾಡದೆ ನಿಂತಿದ್ದೀವಿ ಅಂದುಕೊಳ್ತೀವಿ, ಆದರೆ ಪ್ರತಿ ಕ್ಷಣ ಒಂದಿಷ್ಟು ವಾಲಿ, ಮತ್ತೆ ಸರಿಯಾಗ್ತಾ ಇರ್ತೀವಿ.

ಎತ್ತ ವಾಲಿದೆ ಅಂತ ಮೆದುಳಿಗೆ ಹೇಳೋರು ಮೂವರು: ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ನರ. ಒಬ್ಬರು ಕೈಕೊಟ್ಟರೆ ಉಳಿದಿಬ್ಬರು ಸಂಭಾಳಿಸ್ತಾರೆ. 19ನೇ ಶತಮಾನದ ಜರ್ಮನ್ ವೈದ್ಯ ಮೊರಿಟ್ಸ್ ರೊಂಬರ್ಗ್ ಹೆಸರಲ್ಲಿ ಒಂದು ಪರೀಕ್ಷೆ ಇವತ್ತಿಗೂ ಇದೆ. ಎರಡೂ ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಬೇಕು. ಕಣ್ಣು ತೆರೆದಾಗ ಸರಿಯಾಗಿ ನಿಂತವರು ಮುಚ್ಚಿದ ಕೂಡಲೇ ತೂರಾಡಿದರೆ, ಪಾದದಿಂದ ಬರೋ ಸುದ್ದಿಯಲ್ಲಿ ಅಥವಾ ಒಳಗಿವಿಯಲ್ಲಿ ತೊಂದರೆ ಇರಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಆಗೋದು ಇದೇ. ನಾವು ಮಾತ್ರ ಬೈಯೋದು ಒದ್ದೆ ನೆಲವನ್ನ.

ಈಗ ನೆಲಮಂಗಲದ ಬಸ್ ಹತ್ತಿ. ನಿಂತಿದ್ದೀರಿ, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರು, ದೇಹ ಮುಂದಕ್ಕೆ ವಾಲಿತು. ಮೀನಖಂಡ ಎಳೆಯುತ್ತೆ. ಸುಮಾರು 40–50 ಮಿಲಿಸೆಕೆಂಡಿನಲ್ಲಿ ಬೆನ್ನುಹುರಿಯಿಂದಲೇ ಒಂದು ಸಣ್ಣ ಉತ್ತರ ಬರುತ್ತೆ, ಅದು ಸಾಲಲ್ಲ. 100 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕಾಲು, ತೊಡೆ, ಸೊಂಟದ ಸ್ನಾಯುಗಳು ಒಟ್ಟಾಗಿ ಬಿಗಿಯಾಗಿ ದೇಹವನ್ನ ಹಿಂದಕ್ಕೆಳೀತವೆ. ‘ಅಯ್ಯೋ, ಬೀಳ್ತಿದೀನಿ, ಕಂಬಿ ಹಿಡ್ಕೋಬೇಕು’ ಅನ್ನೋ ಯೋಚನೆ ಬರೋದು ಇದೆಲ್ಲಾ ಆದ ಮೇಲೆ.

ಹಾಗಾದರೆ ಮೆದುಳು ಬರೀ ಪ್ರೇಕ್ಷಕನಾ? ಅಲ್ಲ. ತಲೆಗೆ ವಿದ್ಯುದ್ವಾರದ ಟೋಪಿ ಹಾಕಿ, ಕಾಲಿನ ಸ್ನಾಯುಗಳ ಮೇಲೂ ಪಟ್ಟಿ ಅಂಟಿಸಿ, ನಿಂತ ಹಲಗೆಯನ್ನ ಥಟ್ಟನೆ ಸರಿಸಿದರೆ, 100ರಿಂದ 200 ಮಿಲಿಸೆಕೆಂಡಿನ ನಡುವೆ ನೆತ್ತಿಯ ಆಸುಪಾಸಿನಲ್ಲಿ ಒಂದು ದೊಡ್ಡ ಅಲೆ ಏಳುತ್ತೆ. ವಿಜ್ಞಾನಿಗಳು ಅದಕ್ಕೆ ‘ಎನ್-ಒನ್’ ಅಂತಾರೆ. ಕರಗ ಕೂರೋ ಜಾಗದಲ್ಲೇ, ನೋಡಿ. (ಕರಗ ಹೊತ್ತವರಿಗೆ ವೈರ್ ಸುತ್ತಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಫೋನ್ ಮಾಡಬೇಡಿ.) ತಳ್ಳೋದು ಅನಿರೀಕ್ಷಿತವಾಗಿದ್ದರೆ ಅಲೆ ದೊಡ್ಡದು. ಯಾವಾಗ ತಳ್ತಾರೆ ಅಂತ ಮೊದಲೇ ಗೊತ್ತಿದ್ದರೆ ಸಣ್ಣದು. ಅಂದರೆ ಮೆದುಳು ಲೆಕ್ಕ ಇಟ್ಟುಕೊಂಡೇ ಇರುತ್ತೆ.

ಅಳೆಯೋದು ಮಾತ್ರ ಸುಲಭವಲ್ಲ. ತಲೆಯ ಚರ್ಮದ ಮೇಲೆ ಸಿಗೋ ಮೆದುಳಿನ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್. ರಿಮೋಟ್‌ಗೆ ಹಾಕೋ 1.5 ವೋಲ್ಟ್ ಸೆಲ್ ಇದೆಯಲ್ಲ, 10 ಮೈಕ್ರೋವೋಲ್ಟ್ ಅಂದರೆ ಅದರ ಒಂದೂವರೆ ಲಕ್ಷದಲ್ಲಿ ಒಂದು ಪಾಲು. ಸ್ನಾಯುವಿನ ಸಂಕೇತ ಅದರ ಹತ್ತಾರು ಪಟ್ಟು ಜೋರು. ಬೀಳೋ ಮನುಷ್ಯ ಕತ್ತು ಬಿಗಿ ಮಾಡ್ತಾನೆ, ಕಣ್ಣು ಮಿಟುಕಿಸ್ತಾನೆ, ಆ ಗಲಾಟೆಯಲ್ಲಿ ಮೆದುಳಿನ ಪಿಸುಮಾತು ಮುಳುಗಿ ಹೋಗುತ್ತೆ. ಅದಕ್ಕೇ ಹತ್ತಾರು ಸಲ ತಳ್ಳಿ ಸರಾಸರಿ ತೆಗೀತಾರೆ. ಜೊತೆಗೆ ತಲೆ, ಕಾಲು, ಹಲಗೆ ಮೂರೂ ಒಂದೇ ಗಡಿಯಾರದಲ್ಲಿ ದಾಖಲಾಗಬೇಕು. ಟಿವಿಯಲ್ಲಿ ನನ್ನ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆದರೆ ನಿಮಗೆ ಹೇಗೆ ಕಿರಿಕಿರಿ ಆಗುತ್ತೋ ಹಾಗೆ. ಇಲ್ಲಿ ಆ ವ್ಯತ್ಯಾಸ ಆದರೆ ತಡ ಆಗಿದ್ದು ಮೆದುಳಿಂದಲೋ ಕಾಲಿಂದಲೋ ಅನ್ನೋದೇ ತಿಳಿಯಲ್ಲ.

ಇಷ್ಟೆಲ್ಲಾ ಯಾಕೆ ಅಂತೀರಾ? ದೊಡ್ಡಬಳ್ಳಾಪುರದಲ್ಲಿರೋ ನಮ್ಮ ಸೋದರತ್ತೆ ಒಂದೇ ವರ್ಷದಲ್ಲಿ ಮೂರು ಸಲ ಬಿದ್ದರು. ಪ್ರತಿ ಸಲವೂ ‘ಕಾಲು ಜಾರ್ತು ಕಣೋ’. ಮನೆಯವರದ್ದು ‘ವಯಸ್ಸಾಯ್ತಲ್ಲ’. ಆಮೇಲೆ ಅವರು ಗೋಡೆ ಹಿಡಿದು, ಮೈಯೆಲ್ಲಾ ಬಿಗಿ ಮಾಡಿಕೊಂಡು ನಡೆಯೋಕೆ ಶುರು ಮಾಡಿದರು. ಭಯ ಬಂದಾಗ ಕಾಲಿನ ಮುಂದಿನ ಮತ್ತು ಹಿಂದಿನ ಸ್ನಾಯು ಎರಡೂ ಒಟ್ಟಿಗೆ ಬಿಗಿಯಾಗೋದನ್ನ ಈ ಅಳತೆಗಳಲ್ಲಿ ನೋಡಬಹುದು. ಹುಷಾರಾಗಿ ನಡೆದ ಹಾಗೆ ಕಾಣುತ್ತೆ, ಆದರೆ ಹಾಗೆ ಸೆಟೆದ ಕಾಲು ಬೇಗ ತಿದ್ದಿಕೊಳ್ಳೋಕೆ ಆಗಲ್ಲ. ಇನ್ನೊಂದು: ಮಾತಾಡಿಸಿದರೆ ಅತ್ತೆ ನಿಂತುಬಿಡೋರು. ಮಾತಾಡೋವಾಗ ನಡಿಗೆ ನಿಲ್ಲಿಸೋ ವೃದ್ಧರು ಮುಂದೆ ಬೀಳೋ ಸಾಧ್ಯತೆ ಹೆಚ್ಚು ಅಂತ 1997ರಲ್ಲೇ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದರು. ಮಾತಿಗೂ ನಡಿಗೆಗೂ ಮೆದುಳಿನ ಅದೇ ಗಮನ ಬೇಕು, ಎರಡಕ್ಕೂ ಸಾಕಾಗ್ತಿಲ್ಲ ಅನ್ನೋದರ ಸೂಚನೆ ಅದು.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ. ಅದರಲ್ಲಿ ಶೇ. 80ಕ್ಕೂ ಹೆಚ್ಚು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಸಾಮಾನ್ಯವಾಗಿ ಡಾಕ್ಟರ್ ರೋಗಿಯ ಹಿಂದೆ ನಿಂತು ಭುಜ ಹಿಡಿದು ಹಿಂದಕ್ಕೆ ಎಳೆದು ನೋಡ್ತಾರೆ. ಆ ಪರೀಕ್ಷೆಯಲ್ಲಿ ಸರಿ ಇದ್ದವರನ್ನೇ ಅಲುಗಾಡುವ ಹಲಗೆಯ ಯಂತ್ರದ ಮೇಲೆ ನಿಲ್ಲಿಸಿದರೆ ಸಮತೋಲನದ ಕೊರತೆ ಕಂಡಿತು. ನೇರ ಹಿಂದಕ್ಕೆ ಮಾತ್ರವಲ್ಲ, ಓರೆಯಾಗಿಯೂ ಎಳೆದು ನೋಡಬೇಕು ಅನ್ನೋ ಯೋಚನೆ ಅಲ್ಲಿಂದ ಬಂತು. ಅದರಲ್ಲಿ ಮೆದುಳಿನ ಅಲೆ ಅಳೆದಿರಲಿಲ್ಲ. ಆದರೂ ಯಂತ್ರ ತೋರಿಸಿದ ಪಾಠವನ್ನ ಬರಿಗೈಯಲ್ಲಿ ಬಳಸಬಹುದು ಅನ್ನೋದು ನನಗೆ ಇಷ್ಟವಾಯ್ತು.

ಮನೆಯಲ್ಲಿ ಹಿರಿಯರು ಬಿದ್ದಿದ್ದರೆ ಡಾಕ್ಟರ್ ಹತ್ತಿರ ಹೋಗೋವಾಗ ಮೂಳೆಯ ಎಕ್ಸ್‌ರೇ ಜೊತೆ ಒಂದು ಚೀಟಿ ಇರಲಿ: ಎಷ್ಟು ಸಲ ಬಿದ್ದರು, ಯಾವ ದಿಕ್ಕಿಗೆ, ಬೆಳಕಲ್ಲೋ ಕತ್ತಲಲ್ಲೋ, ಎದ್ದ ಕೂಡಲೇನಾ, ಯಾರಾದರೂ ಮಾತಾಡಿಸಿದಾಗಲಾ, ಬಿಪಿ ಮಾತ್ರೆಯೋ ನಿದ್ದೆ ಮಾತ್ರೆಯೋ ತಗೊಂಡ ಮೇಲಾ. ನಮ್ಮತ್ತೆ ಚೀಟಿಯಲ್ಲಿ ಮೂರು ಸಲವೂ ‘ಕತ್ತಲು’ ಅಂತಲೇ ಇತ್ತು.