ಚೇಬೊಲ್‌ಗಳು: ಒಡೆತನ ಚೂರು, ಹಿಡಿತ ಪೂರಾ

ಸ್ಯಾಮ್‌ಸಂಗ್, ಎಸ್‌ಕೆ, ಹ್ಯುಂಡೈ ಮೋಟಾರ್, ಎಲ್‌ಜಿ, ಲೊಟ್ಟೆ, ಹನ್‌ವಾ ಇವು ದಕ್ಷಿಣ ಕೊರಿಯಾದ ದೊಡ್ಡ ಚೇಬೊಲ್‌ಗಳು. ಒಂದು ಮನೆತನದ ಹಿಡಿತದಲ್ಲಿದ್ದು, ಒಂದಕ್ಕೊಂದು ನಂಟೇ ಇಲ್ಲದ ಹತ್ತಾರು ವ್ಯವಹಾರ ನಡೆಸುವ ಕಂಪನಿಗಳ ಸಮೂಹಕ್ಕೆ ಈ ಹೆಸರು. ಫೋನು, ಫ್ರಿಜ್ಜು, ಕಾರುಗಳಿಂದಾಗಿ ಇವುಗಳ ಹೆಸರು ಇಲ್ಲಿನ ಹಳ್ಳಿಹಳ್ಳಿಗೂ ಗೊತ್ತು. ಆದರೆ ಇವು ನಡೆಯುವ ಬಗೆಯ ಕುರಿತ ತಿಳಿವಳಿಕೆ ಹೆಚ್ಚಾಗಿ ಕೊರಿಯನ್ ಧಾರಾವಾಹಿಗಳಿಂದ ಬಂದದ್ದು: ಗದರುವ ಅಜ್ಜ, ಹಠಮಾರಿ ಮೊಮ್ಮಗ, ಆಸ್ತಿಗಾಗಿ ದಾಯಾದಿ ಕಲಹ. ಕಲಹವೇನೋ ನಿಜ. ಉಳಿದದ್ದರಲ್ಲಿ ತಿದ್ದಬೇಕಾದದ್ದು ಬಹಳ ಇದೆ.

ಮೊದಲ ತಪ್ಪು ಕಲ್ಪನೆ ವಿಷಯದ ಬುಡದಲ್ಲೇ ಇದೆ. ಸ್ಯಾಮ್‌ಸಂಗ್ ಎಂದರೆ ಲೀ ಮನೆತನದ ಸ್ವತ್ತು, ಹ್ಯುಂಡೈ ಎಂದರೆ ಚುಂಗ್ ಮನೆತನದ ಸ್ವತ್ತು ಎಂದು ಜನ ತಿಳಿದಿರುತ್ತಾರೆ. ಷೇರುದಾರರ ಪಟ್ಟಿ ತೆರೆದರೆ ಹಾಗೆ ಕಾಣುವುದಿಲ್ಲ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನಲ್ಲಿ ಅದರ ಅಧ್ಯಕ್ಷ ಲೀ ಜೇ-ಯಾಂಗ್ ಅವರ ನೇರ ಪಾಲು ಶೇ 2ಕ್ಕಿಂತ ಕಡಿಮೆ. ಸುಮಾರು ಅರ್ಧದಷ್ಟು ಷೇರುಗಳು ವಿದೇಶಿ ಹೂಡಿಕೆದಾರರ ಬಳಿ ಇವೆ. ಕೊರಿಯಾದ ರಾಷ್ಟ್ರೀಯ ಪಿಂಚಣಿ ನಿಧಿಯ ಪಾಲು ಕೂಡ ಲೀ ಅವರದಕ್ಕಿಂತ ಹಲವು ಪಟ್ಟು ಹೆಚ್ಚು. ಅಲ್ಲಿನ ನ್ಯಾಯೋಚಿತ ವ್ಯಾಪಾರ ಆಯೋಗ ಪ್ರತಿ ವರ್ಷ ಪ್ರಕಟಿಸುವ ಲೆಕ್ಕವೂ ಇದನ್ನೇ ಹೇಳುತ್ತದೆ. ಮನೆತನಗಳ ನೇರ ಪಾಲು ಸರಾಸರಿ ಶೇ 4ರ ಆಸುಪಾಸು. ಸಮೂಹದ ಕಂಪನಿಗಳು ಒಂದರಲ್ಲೊಂದು ಇಟ್ಟುಕೊಂಡ ಷೇರುಗಳನ್ನು ಕೂಡಿಸಿದರೆ ಅದು ಅರ್ಧವನ್ನು ದಾಟುತ್ತದೆ.

ಹಿಡಿತದ ಗುಟ್ಟು ಈ ಕೂಡಿಸುವಿಕೆಯಲ್ಲಿದೆ. ಮನೆತನ ಒಂದು ಕಂಪನಿಯಲ್ಲಿ ಗಟ್ಟಿ ಪಾಲು ಇಟ್ಟುಕೊಳ್ಳುತ್ತದೆ. ಆ ಕಂಪನಿ ಇನ್ನೊಂದರಲ್ಲಿ, ಇನ್ನೊಂದು ಮತ್ತೊಂದರಲ್ಲಿ ಹಣ ಹೂಡುತ್ತದೆ. ಹ್ಯುಂಡೈ ಸಮೂಹದಲ್ಲಿ ಬಿಡಿಭಾಗಗಳ ಕಂಪನಿ ಮೋಬಿಸ್ ಹ್ಯುಂಡೈ ಮೋಟಾರ್‌ನ ದೊಡ್ಡ ಷೇರುದಾರ. ಹ್ಯುಂಡೈ ಮೋಟಾರ್ ಕಿಯಾದ ದೊಡ್ಡ ಷೇರುದಾರ. ಕಿಯಾ ಮರಳಿ ಮೋಬಿಸ್‌ನ ದೊಡ್ಡ ಷೇರುದಾರ. ಇಂಥ ಸುತ್ತುಬಳಸಿನ ಹೂಡಿಕೆಯನ್ನು ಹೊಸದಾಗಿ ಕಟ್ಟುವುದನ್ನು 2014ರಲ್ಲಿ ಕಾನೂನು ನಿಷೇಧಿಸಿತು, ಹಳೆಯದನ್ನು ಬಿಚ್ಚಲೇಬೇಕೆಂದು ಹೇಳಲಿಲ್ಲ. 2018ರಲ್ಲಿ ಹ್ಯುಂಡೈ ತಾನಾಗಿ ಬಿಚ್ಚಲು ಹೊರಟಾಗ ಅಮೆರಿಕದ ಹೂಡಿಕೆ ಸಂಸ್ಥೆ ಎಲಿಯಟ್ ಅಡ್ಡ ನಿಂತಿತು. ಯೋಜನೆ ಹಿಂದಕ್ಕೆ ಹೋಯಿತು. ಎಲ್‌ಜಿ ಮಾತ್ರ ಎಲ್ಲರಿಗಿಂತ ಮೊದಲು, 2003ರಲ್ಲಿ, ಎಲ್ಲವನ್ನೂ ಒಂದು ಹಿಡುವಳಿ ಕಂಪನಿಯ ಕೆಳಗೆ ತಂದಿತು.

ಒಡೆತನ ಮತ್ತು ಹಿಡಿತದ ನಡುವಿನ ಈ ಅಂತರ ಬರೀ ಲೆಕ್ಕಪತ್ರದ ಚಮತ್ಕಾರವಲ್ಲ. ಚೇಬೊಲ್‌ಗಳ ಬಹುತೇಕ ಹಗರಣಗಳು ಹುಟ್ಟುವುದೇ ಇಲ್ಲಿ. ತನ್ನ ಪಾಲು ಹೆಚ್ಚಿರುವ ಕಂಪನಿಗೆ ಲಾಭ ಹರಿಯುವಂತೆ, ಪಾಲು ಕಡಿಮೆ ಇರುವ ಕಂಪನಿಗೆ ನಷ್ಟ ಉಳಿಯುವಂತೆ ನೋಡಿಕೊಳ್ಳುವ ಆಸೆ ಮನೆತನಕ್ಕೆ ಸದಾ ಇರುತ್ತದೆ. 2015ರಲ್ಲಿ ಸ್ಯಾಮ್‌ಸಂಗ್ ಸಿ ಆ್ಯಂಡ್ ಟಿ ಮತ್ತು ಚೇಲ್ ಇಂಡಸ್ಟ್ರೀಸ್ ವಿಲೀನವಾದಾಗ ಕೇಳಿಬಂದ ದೂರು ಇದೇ. ಲೀ ಜೇ-ಯಾಂಗ್ ಅವರಿಗೆ ಚೇಲ್‌ನಲ್ಲಿ ಶೇ 23ರಷ್ಟು ಪಾಲಿತ್ತು. ಸಿ ಆ್ಯಂಡ್ ಟಿಯಲ್ಲಿ ಅವರಿಗೆ ಪಾಲಿರಲಿಲ್ಲ, ಆದರೆ ಆ ಕಂಪನಿಯ ಬಳಿ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಬೆಲೆಬಾಳುವ ಷೇರುಗಳಿದ್ದವು. ಸಿ ಆ್ಯಂಡ್ ಟಿಯ ಒಂದು ಷೇರಿಗೆ ಚೇಲ್‌ನ 0.35 ಷೇರು ಎಂದು ನಿಗದಿಯಾಯಿತು. ಇದು ಸಿ ಆ್ಯಂಡ್ ಟಿಯ ಷೇರಿಗೆ ಕಟ್ಟಿದ ಕಡಿಮೆ ಬೆಲೆ ಎಂದು ಎಲಿಯಟ್ ವಿರೋಧಿಸಿತು, ಪಿಂಚಣಿ ನಿಧಿ ಪರವಾಗಿ ಮತ ಹಾಕಿತು. ಹಾಗೆ ಹಾಕುವಂತೆ ಒತ್ತಡ ತಂದದ್ದಕ್ಕೆ ಆಗಿನ ಆರೋಗ್ಯ ಸಚಿವರು ಜೈಲಿಗೆ ಹೋದರು. ವಿಲೀನದಲ್ಲಿ ಅಕ್ರಮ ಎಸಗಿದ ಆರೋಪದಿಂದ ಲೀ ಅವರನ್ನು ಮಾತ್ರ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಅಂತಿಮವಾಗಿ ಖುಲಾಸೆ ಮಾಡಿತು.

ಇವು ತಲೆಮಾರುಗಳ ಹಿಂದಿನ ಸಿರಿವಂತ ವಂಶಗಳು ಎಂಬ ನಂಬಿಕೆಗೂ ಆಧಾರ ಸಾಲದು. ಲೀ ಬ್ಯುಂಗ್-ಚುಲ್ 1938ರಲ್ಲಿ ದೇಗು ಪಟ್ಟಣದಲ್ಲಿ ಸ್ಯಾಮ್‌ಸಂಗ್ ಆರಂಭಿಸಿದಾಗ ಅಲ್ಲಿ ನಡೆಯುತ್ತಿದ್ದುದು ಒಣಮೀನು, ತರಕಾರಿ, ನೂಡಲ್ಸ್ ವ್ಯಾಪಾರ. ಎಲ್‌ಜಿಯ ಮೂಲ 1947ರ ಮುಖದ ಕ್ರೀಮಿನ ಕಾರ್ಖಾನೆ. ಹ್ಯುಂಡೈ ಸ್ಥಾಪಕ ಚುಂಗ್ ಜು-ಯಂಗ್ ಬಡ ರೈತನ ಮಗ, ಈಗ ಉತ್ತರ ಕೊರಿಯಾಕ್ಕೆ ಸೇರಿದ ಊರಿನಲ್ಲಿ ಹುಟ್ಟಿದವರು. ಜಪಾನೀಯರು ದೇಶ ಬಿಟ್ಟಾಗ ಉಳಿದುಹೋದ ಕಾರ್ಖಾನೆಗಳು ಕೆಲವರಿಗೆ ಒದಗಿಬಂದವು. ಹನ್‌ವಾ ಬೆಳೆದದ್ದು ಅಂಥದೊಂದು ಸ್ಫೋಟಕಗಳ ಕಾರ್ಖಾನೆಯಿಂದ.

ವ್ಯಾಪಾರಿಗಳನ್ನು ಚೇಬೊಲ್‌ಗಳಾಗಿ ಬೆಳೆಸಿದ್ದು ಸರ್ಕಾರ. ‘ಚೇಬೊಲ್‌ಗಳು ಹೇಳಿದಂತೆ ಸರ್ಕಾರ ಕುಣಿಯುತ್ತದೆ’ ಎನ್ನುವವರು ಕಥೆಯ ಈ ಅರ್ಧವನ್ನು ಮರೆಯುತ್ತಾರೆ. 1961ರಲ್ಲಿ ಸೇನಾಕ್ರಾಂತಿಯಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್-ಹೀ ಮೊದಲು ದೊಡ್ಡ ಉದ್ಯಮಿಗಳನ್ನು ಅಕ್ರಮ ಸಂಪತ್ತಿನ ಆರೋಪದ ಮೇಲೆ ಹಿಡಿಸಿದರು, ಬಳಿಕ ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು, ಕೊನೆಗೆ ಅದೇ ಉದ್ಯಮಿಗಳಿಗೆ ರಫ್ತಿನ ಗುರಿ ಕೊಟ್ಟು ಅಗ್ಗದ ಸಾಲ ಕೊಡಿಸಿದರು. 1973ರಿಂದ ಉಕ್ಕು, ಹಡಗು, ರಾಸಾಯನಿಕಗಳತ್ತ ಹಣ ಹರಿಯಿತು. ಗುರಿ ಮುಟ್ಟದವನಿಗೆ ಸಾಲ ನಿಲ್ಲುತ್ತಿತ್ತು. ಜಪಾನಿನ ಯುದ್ಧಪೂರ್ವದ ದೊಡ್ಡ ಉದ್ಯಮ ಮನೆತನಗಳಿಗೆ ತಮ್ಮದೇ ಬ್ಯಾಂಕುಗಳಿದ್ದವು; ಕೊರಿಯಾದವರಿಗೆ ಆ ಭಾಗ್ಯವಿರಲಿಲ್ಲ, ಇಂದಿಗೂ ಉದ್ಯಮ ಸಮೂಹಗಳು ಬ್ಯಾಂಕನ್ನು ಹಿಡಿತಕ್ಕೆ ತೆಗೆದುಕೊಳ್ಳದಂತೆ ಕಾನೂನಿನ ತಡೆಯಿದೆ. 1985ರಲ್ಲಿ ದೇಶದ ಮೊದಲ ಹತ್ತರಲ್ಲಿದ್ದ ಕುಕ್ಜೆ ಸಮೂಹವನ್ನು ಚುನ್ ಡೂ-ಹ್ವಾನ್ ಸರ್ಕಾರ ಒಡೆದುಹಾಕಿತು. ಅದರ ಮುಖ್ಯಸ್ಥರು ದೇಣಿಗೆಯಲ್ಲಿ ಕೈ ಬಿಗಿ ಹಿಡಿದದ್ದೇ ಕಾರಣ ಎಂಬ ಮಾತು ಆಗಲೇ ಹಬ್ಬಿತ್ತು. ಅದು ಸಂವಿಧಾನಬಾಹಿರ ಕ್ರಮವೆಂದು ನ್ಯಾಯಾಲಯ ಹೇಳಿದ್ದು 1993ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಚುಂಗ್ ಜು-ಯಂಗ್ ಸ್ವತಃ ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತು ಮೂರನೆಯವರಾಗಿ ಸೋತಿದ್ದರು.

ಚೇಬೊಲ್ ಮುಳುಗುವುದಿಲ್ಲ ಎಂಬ ನಂಬಿಕೆ 1997ರವರೆಗೆ ಕೊರಿಯಾದ ಬ್ಯಾಂಕುಗಳಿಗೂ ಇತ್ತು. ಆ ವರ್ಷ ಜನವರಿಯಲ್ಲಿ ಹನ್‌ಬೊ ಸ್ಟೀಲ್ ಬಿತ್ತು, ಮುಂದೆ, ಆಗಿನ್ನೂ ಹ್ಯುಂಡೈ ಸೇರಿರದ ಕಿಯಾ ಕುಸಿಯಿತು, ವರ್ಷಾಂತ್ಯಕ್ಕೆ ದೇಶವೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಯಿತು. 1999ರಲ್ಲಿ ಡೇವೂ ಸರದಿ. ಕಿಮ್ ವೂ-ಚೂಂಗ್ 1967ರಲ್ಲಿ ಕಟ್ಟಿದ ಈ ಸಮೂಹ ಸಾಲ ಮಾಡುತ್ತಲೇ ದೇಶದ ಎರಡನೆಯ ಸ್ಥಾನದವರೆಗೆ ಬೆಳೆದಿತ್ತು. ಅದರ ಲಾರಿ ಘಟಕವನ್ನು 2004ರಲ್ಲಿ ಟಾಟಾ ಮೋಟಾರ್ಸ್ ಕೊಂಡಿತು. ಕಾರು ವಿಭಾಗದ ಮುಖ್ಯ ಭಾಗ ಜನರಲ್ ಮೋಟಾರ್ಸ್‌ಗೆ ಹೋಯಿತು. ಭಾರತದ ರಸ್ತೆಗಳಲ್ಲಿ ಓಡಿದ ಮ್ಯಾಟಿಜ್ ಕಾರೇ ಮುಂದೆ ಷೆವರ್ಲೆ ಸ್ಪಾರ್ಕ್ ಆಗಿ ಬಂದದ್ದು ಹೀಗೆ. ಸಮೂಹದ ಒಂದು ಕಂಪನಿ ಇನ್ನೊಂದರ ಸಾಲಕ್ಕೆ ಜಾಮೀನು ನಿಲ್ಲುವ ಪದ್ಧತಿಯನ್ನೂ ಈ ಬಿಕ್ಕಟ್ಟಿನ ನಂತರ ನಿಷೇಧಿಸಲಾಯಿತು.

‘ಕೊರಿಯಾದ ಜಿಡಿಪಿಯಲ್ಲಿ ಐದನೇ ಒಂದು ಭಾಗ ಸ್ಯಾಮ್‌ಸಂಗ್‌ನದು’ ಎಂಬ ವಾಕ್ಯ ಪತ್ರಿಕೆಗಳಲ್ಲೂ ಸಿಗುತ್ತದೆ. ಇದು ವಹಿವಾಟನ್ನೂ ಜಿಡಿಪಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರ ಫಲ. ಹೋಟೆಲಿನ ಗಲ್ಲಾಪೆಟ್ಟಿಗೆಗೆ ಬಿದ್ದ ಹಣವೆಲ್ಲ ಹೋಟೆಲಿನ ದುಡಿಮೆಯಲ್ಲ. ಅಕ್ಕಿ, ಉದ್ದು, ಗ್ಯಾಸಿನ ಬೆಲೆ ಕಳೆದು ಉಳಿದದ್ದಷ್ಟೇ ಜಿಡಿಪಿಗೆ ಸೇರುವುದು. ಸ್ಯಾಮ್‌ಸಂಗ್‌ನ ಫೋನುಗಳಲ್ಲಿ ದೊಡ್ಡ ಪಾಲು ತಯಾರಾಗುವುದು ವಿಯೆಟ್ನಾಂನಲ್ಲಿ, ಅಲ್ಲಿ ಹುಟ್ಟಿದ ಮೌಲ್ಯ ಕೊರಿಯಾದ ಲೆಕ್ಕಕ್ಕೇ ಬರುವುದಿಲ್ಲ. ರಫ್ತಿನಲ್ಲಿ ಚೇಬೊಲ್‌ಗಳ ತೂಕ ನಿಜಕ್ಕೂ ದೊಡ್ಡದು, ಉದ್ಯೋಗದಲ್ಲಿ ಹಾಗಲ್ಲ. ಕೊರಿಯಾದಲ್ಲಿ ದುಡಿಯುವ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ಸಣ್ಣ, ಮಧ್ಯಮ ಉದ್ದಿಮೆಗಳಲ್ಲಿದ್ದಾರೆ, ಸಂಬಳವೂ ಅಲ್ಲಿ ಬಹಳ ಕಡಿಮೆ. ಸ್ಯಾಮ್‌ಸಂಗ್‌ನ ನೇಮಕಾತಿ ಪರೀಕ್ಷೆಗೆ ಯುವಜನ ಮುಗಿಬೀಳುವುದು ಇದಕ್ಕೇ. ಇನ್ನು, ಕೊರಿಯಾದ ಪ್ರತಿ ದೊಡ್ಡ ಕಂಪನಿಯೂ ಮನೆತನದ್ದಲ್ಲ: ಉಕ್ಕಿನ ಪೋಸ್ಕೊ, ದೂರಸಂಪರ್ಕದ ಕೆಟಿ ಎರಡೂ ಸರ್ಕಾರಿ ಉದ್ಯಮಗಳಾಗಿದ್ದು ನಂತರ ಖಾಸಗಿಯಾದವು.

ಕಾನೂನು ಇವರನ್ನು ಮುಟ್ಟುವುದೇ ಇಲ್ಲ ಎಂಬುದೂ ಸರಿಯಲ್ಲ. ಮುಟ್ಟುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಹ್ಯುಂಡೈನ ಚುಂಗ್ ಮೊಂಗ್-ಕೂ ಅವರಿಗೆ 2007ರಲ್ಲಿ ಶಿಕ್ಷೆ, 2008ರಲ್ಲಿ ಕ್ಷಮಾದಾನ. ಎಸ್‌ಕೆಯ ಚೇ ಟೇ-ವೊನ್ ಅವರಿಗೆ 2013ರಲ್ಲಿ ಶಿಕ್ಷೆ, 2015ರಲ್ಲಿ ಕ್ಷಮಾದಾನ. ಬೇರೊಂದು ಲಂಚ ಪ್ರಕರಣದಲ್ಲಿ ಜೈಲು ಕಂಡ ಲೀ ಜೇ-ಯಾಂಗ್ ಅವರಿಗೆ 2022ರಲ್ಲಿ ಕ್ಷಮಾದಾನ. ಅವರ ತಂದೆ ಲೀ ಕುನ್-ಹೀ ಅವರನ್ನು 2009ರಲ್ಲಿ ಕ್ಷಮಿಸಿದ್ದು ಪ್ಯೊಂಗ್‌ಚಾಂಗ್‌ಗೆ ಚಳಿಗಾಲದ ಒಲಿಂಪಿಕ್ಸ್ ತರುವ ಪ್ರಯತ್ನಕ್ಕೆ ಅವರು ಬೇಕು ಎಂಬ ಕಾರಣಕ್ಕೆ. ಪೂರ್ತಿ ರಕ್ಷಣೆಗಿಂತ ಈ ಚಾಳಿಯೇ ನ್ಯಾಯದ ಮೇಲಿನ ನಂಬಿಕೆಯನ್ನು ಹೆಚ್ಚು ಸವೆಸಿದೆ ಎನ್ನಬೇಕು. ನ್ಯಾಯಾಲಯಕ್ಕಿಂತ ಷೇರುದಾರರೇ ಕಟುವಾದ ಸಂದರ್ಭವೂ ಉಂಟು. 2019ರ ಮಾರ್ಚ್‌ನಲ್ಲಿ ಕೊರಿಯನ್ ಏರ್‌ನ ಚೋ ಯಾಂಗ್-ಹೋ ಅವರು ಷೇರುದಾರರ ಮತದಿಂದಲೇ ನಿರ್ದೇಶಕ ಸ್ಥಾನ ಕಳೆದುಕೊಂಡರು. ಪಿಂಚಣಿ ನಿಧಿ ಅವರ ವಿರುದ್ಧ ನಿಂತಿತ್ತು.

ಹಿರಿಯ ಮಗನಿಗೇ ಪಟ್ಟ ಎಂಬುದೂ ಎಲ್ಲೆಡೆ ನಿಜವಲ್ಲ. ಲೀ ಕುನ್-ಹೀ ಮೂರನೆಯ ಮಗ. ಲೊಟ್ಟೆಯಲ್ಲಿ 2015ರ ಬಹಿರಂಗ ಜಗಳದ ನಂತರ ಗೆದ್ದದ್ದು ಕಿರಿಯ ಸಹೋದರ. ಆ ಕಟ್ಟುನಿಟ್ಟು ಉಳಿದಿರುವುದು ಎಲ್‌ಜಿಯಲ್ಲಿ: ಅಲ್ಲಿನ ಈಗಿನ ಅಧ್ಯಕ್ಷರು ಹಿಂದಿನ ಅಧ್ಯಕ್ಷರ ತಮ್ಮನ ಮಗ, ಉತ್ತರಾಧಿಕಾರಕ್ಕೆಂದೇ ದತ್ತು ಬಂದವರು. ಆಸ್ತಿ ದಾಟಿಸುವುದೂ ಸಲೀಸಲ್ಲ. ವಾರಸು ತೆರಿಗೆಯ ಗರಿಷ್ಠ ದರ ಶೇ 50; ದೊಡ್ಡ ಷೇರುದಾರರ ಷೇರುಗಳಿಗೆ ಹೆಚ್ಚುವರಿ ಬೆಲೆ ಕಟ್ಟುವುದರಿಂದ ಹೊರೆ ಶೇ 60 ಮುಟ್ಟುತ್ತದೆ. 2020ರಲ್ಲಿ ಲೀ ಕುನ್-ಹೀ ತೀರಿಕೊಂಡಾಗ ಕುಟುಂಬ ಕಟ್ಟಬೇಕಾದ ಮೊತ್ತ 12 ಲಕ್ಷ ಕೋಟಿ ವೊನ್ ದಾಟಿತು. ಅದಕ್ಕಾಗಿ ಪತ್ನಿ ಮತ್ತು ಪುತ್ರಿಯರು ಷೇರು ಮಾರಿದರು. ತಲೆಮಾರು ದಾಟಿದಂತೆ ಮನೆತನದ ಪಾಲು ಹೀಗೆ ಕರಗುತ್ತದೆ, ಹಿಡಿತ ಉಳಿಸಿಕೊಳ್ಳುವ ಕಸರತ್ತು ಹೆಚ್ಚುತ್ತದೆ. 2020ರಲ್ಲೇ ಲೀ ಜೇ-ಯಾಂಗ್ ತಮ್ಮ ಮಕ್ಕಳಿಗೆ ಆಡಳಿತ ವಹಿಸುವುದಿಲ್ಲ ಎಂದು ಸಾರ್ವಜನಿಕವಾಗಿ ಹೇಳಿದ್ದರು. ಹಿಡಿತದ ಈ ಕಸರತ್ತಿಗೆ ಕಾನೂನೂ ಅಡ್ಡ ಬಂದಿದೆ: 2025ರ ಜುಲೈನಲ್ಲಿ ಕೊರಿಯಾದ ಸಂಸತ್ತು ವಾಣಿಜ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಂಪನಿಯ ನಿರ್ದೇಶಕರು ಕಂಪನಿಗೆ ಮಾತ್ರವಲ್ಲ, ಎಲ್ಲ ಷೇರುದಾರರಿಗೂ ನಿಷ್ಠರಾಗಿರಬೇಕು ಎಂದು ವಿಧಿಸಿತು.