ಅಂಗಾಲಿನ ನರಹುಲಿ: ಚಿಕಿತ್ಸೆ ಯಾವಾಗ, ಯಾರಿಗೆ?

ಅಂಗಾಲಿನಲ್ಲಿ ಗಟ್ಟಿ ಗಂಟೊಂದು ಕೈಗೆ ಸಿಕ್ಕರೆ ಅದು ಆಣಿಯೆಂದು ತೀರ್ಮಾನಿಸಿ, ಔಷಧಿ ಅಂಗಡಿಯಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುವುದು ನಮ್ಮಲ್ಲಿ ರೂಢಿ. ಆದರೆ ಆಣಿ ಬರುವುದು ಚಪ್ಪಲಿ, ಬೂಟುಗಳ ಒತ್ತಡದಿಂದ. ನರಹುಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ ಸೋಂಕು. ಕೈಬೆರಳಲ್ಲಿ ಉಬ್ಬಿ ನಿಲ್ಲುವ ನರಹುಲಿ ಅಂಗಾಲಿನಲ್ಲಿ ಮೈಭಾರಕ್ಕೆ ಸಿಕ್ಕಿ ಒಳಗೆ ಒತ್ತಿಕೊಳ್ಳುತ್ತದೆ. ಆಣಿ ನೇರವಾಗಿ ಅದುಮಿದಾಗ ಹೆಚ್ಚು ನೋಯುತ್ತದೆ, ನರಹುಲಿ ಇಕ್ಕೆಲಗಳಿಂದ ಹಿಂಡಿದಾಗ. ಮೇಲಿನ ಜಡ್ಡು ಹೆರೆದರೆ ಕಾಣುವ ಕಪ್ಪು ಚುಕ್ಕೆಗಳು ರಕ್ತ ಹೆಪ್ಪುಗಟ್ಟಿದ ಕಿರುನಾಳಗಳು. ಅವನ್ನೇ ಬೇರೆಂದು ನಂಬಿ ಬ್ಲೇಡಿನಿಂದ ಅಗೆಯುವವರಿದ್ದಾರೆ. ವೈರಸ್ ಇರುವುದು ಚರ್ಮದ ಮೇಲ್ಪದರದಲ್ಲಿ. ಅಗೆದಷ್ಟೂ ಗಾಯ ಆಳವಾಗುತ್ತದೆ, ಸೋಂಕು ಅಕ್ಕಪಕ್ಕ ಹರಡುತ್ತದೆ.

ಕಾಯುವುದರ ಲೆಕ್ಕ

ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನರಹುಲಿಗಳು ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಮಾಯವಾಗುತ್ತವೆ. ದೊಡ್ಡವರಲ್ಲಿ ಇನ್ನಷ್ಟು ಕಾಲ ಹಿಡಿಯುತ್ತದೆ. ಹಾಗೆಂದು ಹೆಜ್ಜೆ ಊರಲಾಗದೆ ನೋಯುವವರಿಗೆ, ದಿನವಿಡೀ ನಿಂತು ದುಡಿಯುವವರಿಗೆ ಕಾಯಿರಿ ಎನ್ನುವುದು ನ್ಯಾಯವಲ್ಲ. ಅಂಥವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಸುಮಾರು 12 ವಾರ ದಿನವೂ ಸ್ಯಾಲಿಸಿಲಿಕ್ ಆಮ್ಲ ಹಚ್ಚಿ ಸತ್ತ ಚರ್ಮವನ್ನು ಉಜ್ಜಿ ತೆಗೆಯುವುದು, ಇಲ್ಲವೇ ವೈದ್ಯರಿಂದ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುವುದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗ 240 ಮಂದಿಯಲ್ಲಿ ಈ ಎರಡನ್ನೂ ಹೋಲಿಸಿತು. 12 ವಾರಗಳ ಕೊನೆಗೆ ಎರಡೂ ಗುಂಪುಗಳಲ್ಲಿ ಪೂರ್ಣ ವಾಸಿಯಾದವರು ಶೇ. 14 ಮಾತ್ರ. ನೋವೂ ಖರ್ಚೂ ಹೆಚ್ಚಿರುವ ದಾರಿಯನ್ನು ಮೊದಲೇ ಹಿಡಿಯಲು ಇದರಲ್ಲಿ ಕಾರಣ ಕಾಣುವುದಿಲ್ಲ. ನೋವಿಲ್ಲದ ಮಗುವಿನ ನರಹುಲಿಯನ್ನು ಹಾಗೇ ಬಿಟ್ಟರೆ ಅದು ಪೋಷಕರ ಅಲಕ್ಷ್ಯವಲ್ಲ. ಈಜುಕೊಳ, ಹಾಸ್ಟೆಲ್ ಬಚ್ಚಲುಗಳಲ್ಲಿ ಚಪ್ಪಲಿ ತೊಡಿಸಿ, ಟವೆಲ್ ಬೇರೆಯಿಟ್ಟರೆ ಸಾಕು.

ಮನೆಮದ್ದು ಸಲ್ಲದವರು

ಸಕ್ಕರೆ ಕಾಯಿಲೆಯವರ ವಿಷಯ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದಲ್ಲಿ ಅವರ ಸಂಖ್ಯೆ 10 ಕೋಟಿ ದಾಟಿದೆ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಆಮ್ಲವಾಗಲಿ ಸುಣ್ಣ–ಸೋಡಾ ಆಗಲಿ ಚರ್ಮ ಸುಟ್ಟರೂ ಉರಿ ತಿಳಿಯದು. ಆ ಹುಣ್ಣೇ ಬೆಳೆದು ಬೆರಳು, ಪಾದ ಕಳೆದುಕೊಳ್ಳುವಲ್ಲಿಗೆ ಮುಟ್ಟಬಹುದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಪಟ್ಟಿಯಲ್ಲೂ ಇದೇ ಆಮ್ಲವಿರುತ್ತದೆ ಎಂಬುದನ್ನು ಮಾರುವವರೇ ಹೇಳಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರೂ ಮೊದಲೇ ವೈದ್ಯರನ್ನು ಕಾಣಬೇಕು. ನಡುವಯಸ್ಸು ದಾಟಿದವರ ಅಂಗಾಲಿನಲ್ಲಿ ಹೊಸದಾಗಿ ಮೂಡಿ ಹರಡುವ ಕಪ್ಪು ಕಲೆ, ರಕ್ತ ಒಸರುವ ಗಂಟು ಚರ್ಮದ ಕ್ಯಾನ್ಸರ್ ಆಗಿರುವ ಸಾಧ್ಯತೆಯೂ ಉಂಟು. ಅದಕ್ಕೆ ಪಟ್ಟಿ ಅಂಟಿಸಿ ತಿಂಗಳು ಕಳೆಯುವಂತಿಲ್ಲ.