ಥರ್ಮೊಕೋಲ್ ಕವಚದ ಕಾಂಕ್ರೀಟ್ ನೆಲಮಾಳಿಗೆ: ಒಳಗೋಡೆಯ ಅಂತಿಮ ಕೆಲಸ

ಕೆನಡಾ ಹಾಗೂ ಉತ್ತರ ಅಮೆರಿಕದ ಶೀತ ಪ್ರಾಂತಗಳಲ್ಲಿ ನೆಲವು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಅಡಿಪಾಯವನ್ನು ಇಳಿಸಬೇಕಾಗುತ್ತದೆ. ಹೇಗೂ ಅಗೆದ ಜಾಗವನ್ನು ನೆಲಮಾಳಿಗೆಯಾಗಿ ಬಳಸಿಕೊಳ್ಳುವುದು ಅಲ್ಲಿನ ವಾಡಿಕೆ. ಈ ಕಾರ್ಯಕ್ಕೆ ಒದಗಿಬಂದುದು ಥರ್ಮೊಕೋಲ್ ಅಚ್ಚಿನ ಪದ್ಧತಿ. ಕೆನಡಾದ ಗುತ್ತಿಗೆದಾರ ವರ್ನರ್ ಗ್ರೆಗೊರಿ ಇದಕ್ಕೆ ಪೇಟೆಂಟ್ ಕೋರಿದ್ದು 1966ರಲ್ಲಿ. ಪೊಳ್ಳು ಥರ್ಮೊಕೋಲ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಕಬ್ಬಿಣದ ಸರಳುಗಳನ್ನಿಟ್ಟು ಕಾಂಕ್ರೀಟ್ ಸುರಿಯಲಾಗುತ್ತದೆ. ಸೆಂಟ್ರಿಂಗ್ ಬಿಚ್ಚುವ ಪ್ರಮೇಯವೇ ಇಲ್ಲ. ಎರಡೂ ಬದಿಯ ಸುಮಾರು ಎರಡೂವರೆ ಇಂಚಿನ ಹಲಗೆಗಳು ಶಾಖನಿರೋಧಕವಾಗಿ ಅಲ್ಲಿಯೇ ಉಳಿಯುತ್ತವೆ.

ಗೋಡೆ ಎದ್ದೊಡನೆ ಕೆಲಸ ಮುಗಿಯಿತೆಂದು ಭಾವಿಸಿ ಸರಕು ತುಂಬುವ ಮಾಲೀಕರೂ ಉಂಟು. ಅಪಾಯವಿರುವುದು ಇಲ್ಲಿಯೇ. ಥರ್ಮೊಕೋಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಹೊತ್ತಿಕೊಂಡರೆ ದಟ್ಟವಾದ ಕಪ್ಪು ಹೊಗೆಯನ್ನು ಕಾರುತ್ತದೆ. 1996ರ ಏಪ್ರಿಲ್‌ನಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ವೆಲ್ಡಿಂಗ್ ಕಿಡಿಯಿಂದ ಛಾವಣಿಯೊಳಗಿನ ಪಾಲಿಸ್ಟೈರೀನ್ ಪದರಕ್ಕೆ ಬೆಂಕಿ ತಗುಲಿ 17 ಮಂದಿ ಮೃತಪಟ್ಟರು. ಆದುದರಿಂದಲೇ ಅಮೆರಿಕದ ಮಾದರಿ ನಿರ್ಮಾಣ ಸಂಹಿತೆಗಳು ವಾಸದ ಬದಿಯ ಥರ್ಮೊಕೋಲನ್ನು ಕನಿಷ್ಠ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಅಥವಾ ತತ್ಸಮಾನ ಹೊದಿಕೆಯಿಂದ ಮುಚ್ಚಬೇಕೆಂದು ವಿಧಿಸುತ್ತವೆ. ಇದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಬೆಂಕಿ ಹಬ್ಬುವುದನ್ನು ತಡೆದು, ಒಳಗಿರುವವರಿಗೆ ಹೊರಬರಲು ಕಾಲಾವಕಾಶ ನೀಡುವ ಏರ್ಪಾಡು.

ಬೋರ್ಡ್ ಕೂರಿಸಲು ಮರದ ಚೌಕಟ್ಟು ಬೇಕಿಲ್ಲ. ಅಚ್ಚಿನೊಳಗೆ ಆರು ಅಥವಾ ಎಂಟು ಇಂಚಿಗೊಂದರಂತೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳಿದ್ದು, ದಪ್ಪ ಎಳೆಯ ಸ್ಕ್ರೂಗಳನ್ನು ಅವುಗಳಿಗೆ ಬಿಗಿಯಬೇಕು. ಬರಿಯ ಥರ್ಮೊಕೋಲ್‌ಗೆ ಬಿಗಿದ ಸ್ಕ್ರೂ ಏನನ್ನೂ ಹಿಡಿದಿಡದು. ದ್ರಾವಕ ಬೆರೆತ ರಬ್ಬರ್ ಅಂಟು, ಪೇಂಟಿನ ಥಿನ್ನರ್ ಅಥವಾ ಪೆಟ್ರೋಲ್ ಸೋಕಿದರೆ ಹಲಗೆ ಕರಗಿ ಗುಳಿ ಬೀಳುತ್ತದೆ; ಥರ್ಮೊಕೋಲ್‌ಗೆಂದೇ ತಯಾರಿಸಿದ ಅಂಟನ್ನು ಮಾತ್ರ ಬಳಸತಕ್ಕದ್ದು. ಭಾರದ ರ್‍ಯಾಕುಗಳನ್ನು ಈ ಪಟ್ಟಿಗಳಿಗೆ ತೂಗುಹಾಕದೆ, ಒಳಗಿನ ಕಾಂಕ್ರೀಟಿಗೇ ಆಂಕರ್ ಬೋಲ್ಟ್ ಇಳಿಸುವುದು ಅಥವಾ ಭಾರವನ್ನು ನೆಲದ ಮೇಲೆ ಹೊರಿಸುವುದು ಕ್ಷೇಮ.

ವಿದ್ಯುತ್ ತಂತಿಗಳಿಗೆ ಕಾಯಿಸಿದ ಚಾಕುವಿನಿಂದ ಗಾಡಿ ತೆಗೆದರೆ ಸಾಕು, ಗೋಡೆ ಒಡೆಯುವ ಗಲಾಟೆಯಿಲ್ಲ. ಆದರೆ ಮೆದು ಪಿವಿಸಿ ಹೊದಿಕೆಯ ತಂತಿ ಥರ್ಮೊಕೋಲ್‌ಗೆ ನೇರವಾಗಿ ತಾಗಿಕೊಂಡಿದ್ದರೆ ಹೊದಿಕೆಯ ಮೃದುಕಾರಕ ಕ್ರಮೇಣ ಥರ್ಮೊಕೋಲಿಗೆ ಸೋರಿ, ತಂತಿ ಪೆಡಸಾಗಿ ಬಿರಿಯಬಹುದು. ತಂತಿಯನ್ನು ಗಟ್ಟಿ ಪೈಪಿನೊಳಗೆ ಸಾಗಿಸುವ ನಮ್ಮ ರೂಢಿ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತ.

ಇನ್ನುಳಿದುದು ತೇವ, ಹಣ ಹೆಚ್ಚು ಪೋಲಾಗುವುದೂ ಇದರಿಂದಲೇ. ಎರಡು ಹಲಗೆಗಳ ನಡುವೆ ಸಿಕ್ಕ ಕಾಂಕ್ರೀಟಿನ ನೀರು ಆರಲು ತಿಂಗಳುಗಳೇ ಬೇಕು. ಇಂತಹ ಗೋಡೆಯ ಮೇಲೆ ಮತ್ತೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಹೊರಬರಲಾಗದೆ ಬೋರ್ಡಿನ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಬೋರ್ಡನ್ನು ನೆಲಕ್ಕೆ ತಾಗಿಸದೆ ಅರ್ಧ ಇಂಚು ಮೇಲೆ ನಿಲ್ಲಿಸಿ, ಸಂದನ್ನು ಸ್ಕರ್ಟಿಂಗ್‌ನಿಂದ ಮರೆಮಾಡುವುದು ಅನುಭವಿಗಳ ಕ್ರಮ. ಹೊರಗಿನಿಂದ ನೀರು ಒಸರುವ ಗೋಡೆಗಾದರೆ ಒಳಗೆ ಏನು ಬಳಿದರೂ ವ್ಯರ್ಥ. ಹೊರಮೈಯ ಜಲನಿರೋಧಕ ಪದರ ಹಾಗೂ ಅಡಿಪಾಯದ ಬಳಿಯ ಚರಂಡಿ ಕೊಳವೆಗಳನ್ನು ಮಣ್ಣು ತುಂಬುವ ಮೊದಲೇ ಪರೀಕ್ಷಿಸಬೇಕು.

ಬೆಂಗಳೂರಿನಂತಹ ಹವೆಯಲ್ಲಿ ನೆಲಮಾಳಿಗೆಗೆ ಇಷ್ಟು ಶಾಖನಿರೋಧಕದ ಅಗತ್ಯ ಕಾಣದು. ಇಲ್ಲಿನ ವರ್ತಕರು ಆ ಹಣವನ್ನು ಹೊರಗೋಡೆಯ ಜಲನಿರೋಧಕಕ್ಕೆ ವಿನಿಯೋಗಿಸುವುದೇ ಲೇಸು. ಶೀತಲಗೃಹಗಳ ಮಾತು ಬೇರೆ. ಅಲ್ಲಿ ಥರ್ಮೊಕೋಲ್ ಅನಿವಾರ್ಯವೆನಿಸಿದರೂ ಅದನ್ನು ಬರಿದಾಗಿ ಬಿಟ್ಟು ಸಮೀಪದಲ್ಲಿ ವೆಲ್ಡಿಂಗ್ ಮಾಡಿಸುವುದುಂಟು. ದುರಸ್ತಿಗೆ ಮುನ್ನ ಹೊದಿಕೆ ಎಲ್ಲೆಲ್ಲಿ ಹರಿದಿದೆಯೆಂದು ನೋಡಿಸಿ ಮುಚ್ಚಿಸಲು ತಗಲುವ ವೆಚ್ಚ ಕೆಲವೇ ಬೋರ್ಡುಗಳದ್ದು.